ನಿಮಿಷಕ್ಕೆ ನೂರಕ್ಕಿಂತ ಕಡಿಮೆ

ಪರದೆಯ ಮೇಲೆ ಗೆರೆ ಮಟ್ಟಸವಾಗಿದೆ, ಅಳತೆಪಟ್ಟಿ ಇಟ್ಟು ಎಳೆದ ಹಾಗೆ, ಸಂಜೆ ಐದೂವರೆಯಿಂದ ಆರು ಗಂಟೆ ಹತ್ತು ನಿಮಿಷದವರೆಗೆ, ಸೋಮವಾರ ಹಾಗೇ, ಮಂಗಳವಾರ ಹಾಗೇ, ಏಳು ದಿನವೂ ಹಾಗೇ — ಅಲ್ಲಲ್ಲಿ ಸಾಸಿವೆಕಾಳಿನಷ್ಟು ಉಬ್ಬು, ಅಷ್ಟು ಉಬ್ಬು ಕುರ್ಚಿಯಲ್ಲಿ ಕೂತವರು ಮಗ್ಗುಲು ಬದಲಿಸಿದರೂ ಬರುತ್ತದೆ, ಸೀನಿದರೂ ಬರುತ್ತದೆ. ಸುಳ್ಳುಬುರುಕಿ. ಎಷ್ಟು ಸಿಹಿಯಾಗಿ ಬಂತು ಆ ಮಾತು, ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡ ಹಾಗೆ, ದವಡೆಯ ಈ ಕಡೆಯಿಂದ ಆ ಕಡೆಗೆ ಹೊರಳಿಸುತ್ತಿದ್ದೇನೆ, ಸುಳ್ಳುಬುರುಕಿ — ದಿನಾ ಸಂಜೆ ನಲವತ್ತು ನಿಮಿಷ ವಾಕಿಂಗ್ ಮಾಡ್ತೀವಿ ಮೇಡಂ, ಇಬ್ಬರೂ ಜೊತೆಗೇ, ಅಂದಿದ್ದಳು, ನಾನು ತಲೆ ತಗ್ಗಿಸಿ ಬರೆದುಕೊಂಡೆ, ವಾರಕ್ಕೆ ಇನ್ನೂರ ಎಂಬತ್ತು ನಿಮಿಷ, ಬರೆಯುವಾಗ ಪೆನ್ನು ಹಾಳೆಯನ್ನು ಕೊರೆದು ಕೆಳಗಿನ ಹಾಳೆಗೂ ಅಚ್ಚು ಬಿತ್ತು. ಯಂತ್ರಕ್ಕೆ ದಾಕ್ಷಿಣ್ಯ ಇಲ್ಲ. ಬೆಂಕಿಪೊಟ್ಟಣದಷ್ಟು ಇದೆ, ಪಟ್ಟಿಗೆ ಸಿಕ್ಕಿಸಿ ಸೊಂಟದ ಬಲಗಡೆ ಕಟ್ಟಿಕೊಳ್ಳಬೇಕು, ಸ್ನಾನಕ್ಕೆ, ನಿದ್ದೆಗೆ ಬಿಟ್ಟರೆ ಬಿಚ್ಚುವಂತಿಲ್ಲ, ಮೈ ಅಲುಗಿದ್ದನ್ನೆಲ್ಲ ನಿಮಿಷ ನಿಮಿಷಕ್ಕೂ ಎಣಿಸುತ್ತದೆ, ಎಣಿಕೆ ನಿಮಿಷಕ್ಕೆ ನೂರಕ್ಕಿಂತ ಕಡಿಮೆ ಬಂದರೆ ಆ ನಿಮಿಷದಲ್ಲಿ ಮನುಷ್ಯ ಕೂತಿದ್ದ ಅಂತಲೇ ಅರ್ಥ. ಹದಿನಾಲ್ಕು ವರ್ಷದಿಂದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಮನೆ ಮನೆ ತಿರುಗಿ, ನೀವು ಎಷ್ಟು ನಡೀತೀರಿ, ಎಷ್ಟು ಕೂತಿರ್ತೀರಿ ಅಂತ ಕೇಳಿದವಳು ನಾನು, ಜನ ಹೇಳುವುದಕ್ಕೂ ಯಂತ್ರ ಹೇಳುವುದಕ್ಕೂ ಇರುವ ಅಂತರ ನನಗೆ ಹೊಸದಲ್ಲ, ಎಲ್ಲರೂ ಹತ್ತಿಪ್ಪತ್ತು ನಿಮಿಷ ಏರಿಸಿಯೇ ಹೇಳುತ್ತಾರೆ, ತಾವು ಆಗಬೇಕೆಂದುಕೊಂಡ ಮನುಷ್ಯನ ನಡಿಗೆಯನ್ನು ಹೇಳುತ್ತಾರೆ, ಪಾಪ ಅಂದುಕೊಂಡು ಬಿಡುತ್ತೇನೆ. ಇವಳ ವಿಷಯದಲ್ಲಿ ಪಾಪ ಅನ್ನಿಸಲಿಲ್ಲ. ಇವಳು ನನ್ನ ಗಂಡನಾಗಿದ್ದವನ ಈಗಿನ ಹೆಂಡತಿ.

ಮೇಲ್ವಿಚಾರಕರು ಹಿಂದೆ ಬಂದು ನಿಂತದ್ದು ಚಹಾದ ವಾಸನೆಯಿಂದ ಗೊತ್ತಾಯಿತು. ಅವರನ್ನು ನಾವೆಲ್ಲ ಶೇಕಡಾ ಸಾರ್ ಅನ್ನುತ್ತೇವೆ, ಮಗಳ ನೆಗಡಿ ಹೇಗಿದೆ ಅಂದರೂ ಶೇಕಡಾ ಎಂಬತ್ತು ವಾಸಿ ಅನ್ನುವ ಮನುಷ್ಯ. ಇದೇನು, ಅಂದರು, ಬಾಯಲ್ಲಿ ದಿನಕ್ಕೆ ನಲವತ್ತು ನಿಮಿಷ, ಬೆಲ್ಟಲ್ಲಿ ಸೊನ್ನೆ? ಕೂತಿರೋದು ಒಂದು ಗಂಟೆ ಅಂದಿದ್ದಾರೆ, ಯಂತ್ರ ಹನ್ನೊಂದು ಗಂಟೆ ಅಂತಿದೆ! ಶೇಕಡಾ ನೂರು ಯಡವಟ್ಟು. ಬೆಲ್ಟ್ ಬಿಚ್ಚಿ ಗೂಟಕ್ಕೆ ನೇತುಹಾಕಿದ್ರೋ ಏನೋ, ಧರಿಸಿಲ್ಲ ಅಂತ ಹಾಕಿ ಬಿಟ್ಟುಬಿಡಿ, ಇಲ್ಲಾ ಇವತ್ತು ಸಂಜೆಯೊಳಗೆ ಇನ್ನೊಂದ್ಸಲ ಹೋಗಿ ನೋಡ್ಕೊಂಡು ಬನ್ನಿ, ನಿಮಗೆ ಬಿಟ್ಟಿದ್ದು. ನನಗೆ ಬಿಟ್ಟದ್ದು. ಧರಿಸಿಲ್ಲ ಅನ್ನುವ ಚೌಕದಲ್ಲಿ ಒಂದು ಗುರುತು ಒತ್ತಿದರೆ ಸಾಕು, ಅವಳು ದೇಶದ ಲೆಕ್ಕದಿಂದ ಹೊರಗೆ, ಅವಳ ವಯಸ್ಸು, ಅವಳ ತೂಕ, ಇಬ್ಬರೂ ಜೊತೆಗೇ ಅನ್ನುವ ಅವಳ ಮಾತು, ಎಲ್ಲಾ ಹೊರಗೆ. ಒಬ್ಬೊಬ್ಬರನ್ನೂ ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ, ಆಯ್ಕೆಯಾದವಳು ತನ್ನಂಥ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಹೆಂಗಸರ ಪರವಾಗಿ ನಿಲ್ಲುತ್ತಾಳೆ ಅಂತ ತರಬೇತಿಯಲ್ಲೇ ಹೇಳಿದ್ದರು. ಅದರಲ್ಲೂ ಅವಳೇ. ಇಷ್ಟು ವರ್ಷದಲ್ಲಿ ನನ್ನ ಮನೆ ಒಂದು ಸಲವೂ ಆಯ್ಕೆಯಾಗಿಲ್ಲ, ನಾನು ನನ್ನೊಬ್ಬಳ ಪರವಾಗಿಯೇ ನಿಂತಿದ್ದೇನೆ, ಅವಳನ್ನು ಅವನೂ ಆರಿಸಿದ, ಸರ್ಕಾರದ ಯಂತ್ರವೂ ಆರಿಸಿತು.

ಪಟ್ಟಿಯಲ್ಲಿ ಮನೆಯ ಯಜಮಾನನ ಹೆಸರು ನೋಡಿದಾಗಲೇ ಹೇಳಬೇಕಿತ್ತು. ಪರಿಚಯದ ಮನೆ ಬಂದರೆ ಬೇರೆಯವರಿಗೆ ಒಪ್ಪಿಸಬೇಕು, ಅದು ನಿಯಮ, ಆ ನಿಯಮವನ್ನು ಹೊಸಬರಿಗೆ ಹೇಳಿಕೊಡುವವಳೂ ನಾನೇ. ಹೇಳಲಿಲ್ಲ. ಅದೇ ಹೆಸರಿನವರು ಊರಲ್ಲಿ ಎಷ್ಟು ಜನ ಇಲ್ಲ ಅಂತ ನನಗೆ ನಾನೇ ಹೇಳಿಕೊಂಡೆ, ಹೇಳಿಕೊಳ್ಳುತ್ತಲೇ ಕನ್ನಡಿಯ ಮುಂದೆ ಎರಡು ಸಲ ತಲೆ ಬಾಚಿದೆ, ಹೊಸ ಬಟ್ಟೆ ಹಾಕಿದೆ, ಬಿಸಿಲಲ್ಲಿ ಮನೆ ಮನೆ ಅಲೆಯುವ ಕೆಲಸಕ್ಕೆ ಯಾರು ಹೊಸ ಬಟ್ಟೆ ಹಾಕುತ್ತಾರೆ. ಬಾಗಿಲು ತೆರೆದವಳು ಅವಳು. ನನಗಿಂತ ಎಂಟು ವರ್ಷ ಚಿಕ್ಕವಳು, ಆಮೇಲೆ ಫಾರಂ ತುಂಬುವಾಗ ಖಚಿತವಾಯಿತು. ಮನೆಯವರು, ಅಂತ ಕೇಳಿದೆ. ಒಳಗಿದ್ದಾರೆ, ಮಲಗಿದ್ದಾರೆ, ಅಂದಳು. ಮಧ್ಯಾಹ್ನ ಹನ್ನೆರಡಕ್ಕೆ ಮಲಗಿದ್ದಾನೆ, ನನ್ನ ಜೊತೆ ಇದ್ದಾಗ ಹಗಲು ಮಲಗುವವರನ್ನು ಕಂಡರೆ ಸಿಡಿಯುತ್ತಿದ್ದವನು, ಎಷ್ಟು ಮುದ್ದು ಮಾಡಿ ಇಟ್ಟಿದ್ದಾಳೆ ನೋಡು. ಫಾರಂನ ಪ್ರಶ್ನೆಗಳನ್ನು ಒಂದೊಂದಾಗಿ ಓದಿದೆ. ಮಧ್ಯಮ ಶ್ರಮ ಅಂದರೆ ಮಾತಾಡಬಹುದು ಆದರೆ ಹಾಡಲು ಉಸಿರು ಸಾಲುವುದಿಲ್ಲ, ಭಾರಿ ಶ್ರಮ ಅಂದರೆ ಮಾತಾಡಲೂ ಆಗದು, ಅಂಥ ಕೆಲಸ ಏನಾದರೂ? ಅವಳು ಒಳಬಾಗಿಲಿನ ಕಡೆ ಒಂದು ಸಲ ನೋಡಿದಳು. ಎತ್ತೋದು ಇದೆ, ಅಂದಳು, ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಓಹೋ, ಅಂದುಕೊಂಡೆ, ವ್ಯಾಯಾಮ, ತೋಳಿಗೆ ಆಕಾರ ಬರಲಿ ಅಂತ, ಪೆನ್ನಿನಲ್ಲಿ ಭಾರ ಎತ್ತುವ ವ್ಯಾಯಾಮ ಅಂತ ಬರೆದೆ, ಏನನ್ನು ಎತ್ತುತ್ತೀರಿ ಅಂತ ಕೇಳಲಿಲ್ಲ, ಫಾರಂನಲ್ಲಿ ಆ ಪ್ರಶ್ನೆ ಇಲ್ಲ. ಸೊಂಟದ ಅಳತೆ ತೆಗೆದೆ, ಎಪ್ಪತ್ತನಾಲ್ಕು ಸೆಂಟಿಮೀಟರ್. ನನ್ನದು ತೊಂಬತ್ತೊಂದು. ಟೇಪನ್ನು ಸ್ವಲ್ಪ ಸಡಿಲ ಬಿಟ್ಟು ಎಪ್ಪತ್ತಾರು ಮಾಡಲು ನೋಡಿದೆ, ನಿಜ, ನೋಡಿದೆ, ಆಮೇಲೆ ನಾಚಿಕೆಯಾಗಿ ಎಪ್ಪತ್ತನಾಲ್ಕೇ ಬರೆದೆ. ಬೆಲ್ಟನ್ನು ನಾನೇ ಬಗ್ಗಿ ಕಟ್ಟಿದೆ, ಬಲಸೊಂಟದ ಮೂಳೆಯ ಮೇಲೆ, ಅವಳ ಮೈಯಿಂದ ಸಾಬೂನಿನ ವಾಸನೆ ಬಂತು, ಅವನು ಒಂಬತ್ತು ವರ್ಷವೂ ಬದಲಿಸಲು ಬಿಡದಿದ್ದ ಅದೇ ಸಾಬೂನು. ನಾನು ಬಿಟ್ಟುಬಂದ ಮೇಲೆ ಆ ಸಾಬೂನು ಮಾರುವ ಅಂಗಡಿಯ ಮುಂದೆ ಹೋಗುವಾಗಲೂ ಉಸಿರು ಬಿಗಿಹಿಡಿಯುತ್ತಿದ್ದೆ.

ಅವನು ನಡೆಯುತ್ತಿದ್ದದ್ದೇ ಹಾಗೆ, ಹಿಂದೆ ಬೆಂಕಿ ಬಿದ್ದವರಂತೆ, ನಾನು ಯಾವಾಗಲೂ ನಾಲ್ಕು ಹೆಜ್ಜೆ ಹಿಂದೆ, ಸಾಮಾನಿನ ಚೀಲ ಇದ್ದರೆ ಆರು, ಜನಜಂಗುಳಿ ಇದ್ದರೆ ಹನ್ನೆರಡು. ಅವನ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದವಳು, ಪೊಲೀಸರು ಕೇಳಿದರೆ ಮೂಗು ಹೇಗಿತ್ತು ಅನ್ನಲು ಯೋಚಿಸಬೇಕು, ಕುತ್ತಿಗೆ ಹಿಂದಿನ ಮಚ್ಚೆಯನ್ನು ಕಣ್ಣುಮುಚ್ಚಿ ಹೇಳುತ್ತೇನೆ. ಸ್ವಲ್ಪ ನಿಧಾನ ಅಂದರೆ, ನೀನು ಬೇಗ ಬಾ, ಅನ್ನುತ್ತಿದ್ದ, ತಿರುಗದೆಯೇ, ಗಾಳಿಗೆ ಹೇಳಿದ ಹಾಗೆ. ಒಂದು ಸಂಜೆ ಔಷಧಿ ಅಂಗಡಿಯ ಮುಂದೆ ನಾನು ನಿಂತುಬಿಟ್ಟೆ, ಸುಮ್ಮನೆ, ನೋಡೋಣ ಎಷ್ಟು ಹೊತ್ತಿಗೆ ತಿರುಗುತ್ತಾನೆ ಅಂತ — ಅವನು ಬೀದಿಯ ಕೊನೆಯವರೆಗೆ ಹೋದ, ಮೂಲೆ ತಿರುಗಿದ, ಹೋದ. ಅಂಗಡಿಯವನು ಏನಮ್ಮ ಬೇಕಿತ್ತು ಅಂದ, ಏನೂ ಬೇಡ ಅನ್ನಲು ನಾಚಿಕೆಯಾಗಿ ಹತ್ತಿ ಕೊಂಡೆ, ಒಂದು ಸುರುಳಿ ಹತ್ತಿ ಹಿಡಿದುಕೊಂಡು ಮುಕ್ಕಾಲು ಗಂಟೆ ನಿಂತಿದ್ದೆ. ಮನೆಗೆ ಹೋದಾಗ ಅವನು ಪೇಪರ್ ಓದುತ್ತಿದ್ದ. ಎಲ್ಲಿ ಉಳಿದೆ, ಅಂದ, ಪುಟ ತಿರುಗಿಸಿದ. ಮುಂದಿನ ವಾರ ಅಣ್ಣನ ಮನೆಗೆ ಬಂದೆ, ವಾಪಸು ಹೋಗಲಿಲ್ಲ. ಕುಡಿಯುತ್ತಾರಾ, ಹೊಡೆಯುತ್ತಾರಾ, ಬೇರೆ ಹೆಂಗಸು, ಅಂತ ನ್ಯಾಯಾಲಯದ ಸಲಹೆಗಾರ್ತಿ ಕೇಳುತ್ತಾ ಹೋದಳು, ಇಲ್ಲ, ಇಲ್ಲ, ಇಲ್ಲ, ಮತ್ತೇನಮ್ಮ, ಮುಂದೆ ಮುಂದೆ ನಡೀತಾರೆ ಅಂದೆ, ಪಕ್ಕದ ಗುಮಾಸ್ತ ನಗು ತಡೆಯಲು ಕೆಮ್ಮಿದ. ಅತ್ತಿಗೆ ಇವತ್ತಿಗೂ ಬಿಟ್ಟಿಲ್ಲ, ಜನ ಸಂಸಾರಕ್ಕೆ ಜಗಳ ಆಡ್ತಾರೆ, ನಮ್ಮನೆಯವಳು ಹೆಜ್ಜೆಗೆ ಜಗಳ ಆಡಿದ್ಲು, ಅನ್ನುತ್ತಾಳೆ, ತಟ್ಟೆಗೆ ಬಡಿಸುತ್ತಲೇ. ಎರಡೇ ವರ್ಷಕ್ಕೆ ಅವನು ಮತ್ತೆ ಮದುವೆಯಾದ ಸುದ್ದಿ ತಂದವಳೂ ಅವಳೇ. ಆಗ ನನಗೆ ಹೊಟ್ಟೆ ಉರಿಯಲಿಲ್ಲ, ದೇವರಾಣೆ, ಪಾಪ ಇನ್ನೊಬ್ಬಳು ಅವನ ಬೆನ್ನು ನೋಡಿಕೊಂಡು ಓಡಬೇಕಲ್ಲ ಅಂದುಕೊಂಡೆ, ಅದರಲ್ಲೇ ಹನ್ನೊಂದು ವರ್ಷ ಸಮಾಧಾನವಾಗಿದ್ದೆ. ಅದನ್ನು ಕೆಡಿಸಲು ಇಬ್ಬರೂ ಜೊತೆಗೇ ಅನ್ನುವ ಎರಡು ಪದ ಸಾಕಾಯಿತು. ನನ್ನ ಜೊತೆ ಬಾರದ ಕಾಲು ಅವಳ ಜೊತೆ ಬರುತ್ತದೆ. ಅಂದರೆ ಅವನ ಕಾಲಿನ ದೋಷವಲ್ಲ, ನನ್ನದೇ.

ಹೌದು, ಈಗ ಗೆರೆ ಮಟ್ಟಸವಾಗಿದೆ, ಹಾಗಾದರೆ ಬರುವುದಿಲ್ಲ, ಅವಳ ಜೊತೆಯೂ ಬರುವುದಿಲ್ಲ, ನನ್ನ ಮುಂದೆ ಜಂಭ ಕೊಚ್ಚಿದಳು. ಹನ್ನೊಂದು ಗಂಟೆ ಕೂತಿರುತ್ತಾಳೆ ಮಹಾರಾಣಿ. ಬೆಲ್ಟ್ ವಾಪಸು ತರಲು ಹೋದಾಗ ಬಾಗಿಲಲ್ಲೇ ಕೊಟ್ಟು ಕಳಿಸಿದಳು, ಕಾಗದದಲ್ಲಿ ಸುತ್ತಿ, ಒಂದು ದಿನಾನೂ ಬಿಟ್ಟಿಲ್ಲ ಮೇಡಂ, ನಿದ್ದೇಲೂ ಕಟ್ಟಿಕೊಂಡೇ ಇದ್ದೆ, ಅಂದಳು. ನಾನು ಧರಿಸಿಲ್ಲ ಅನ್ನುವ ಚೌಕದ ಮೇಲೆ ಬಾಣದ ಗುರುತು ತಂದು ನಿಲ್ಲಿಸಿದ್ದೇನೆ, ಬೆರಳು ಗುಂಡಿಯ ಮೇಲಿದೆ, ಒತ್ತಿಬಿಡು. ಆದರೆ ಒತ್ತಿದರೆ ಅವಳು ಬೆಲ್ಟ್ ಕಟ್ಟಿರಲಿಲ್ಲ ಅಂತಾಗುತ್ತದೆ, ಬೆಲ್ಟ್ ಬಿಚ್ಚಿಟ್ಟು ಅವನ ಜೊತೆ ನಡೆದಿರಲೂಬಹುದು ಅಂತಾಗುತ್ತದೆ, ಆ ಅನುಮಾನದ ಲಾಭವನ್ನು ಅವಳಿಗೆ ಯಾಕೆ ಕೊಡಲಿ. ಐದೂವರೆಗೆ ಅವಳು ಕೂತಿರುವುದನ್ನು ಕಣ್ಣಾರೆ ನೋಡಬೇಕು. ನಾಲ್ಕೂ ಮುಕ್ಕಾಲಿಗೆ ಚೀಲ ಹೆಗಲಿಗೆ ಹಾಕಿ ಎದ್ದೆ. ಶೇಕಡಾ ಸಾರ್ ಭೇಷ್ ಅಂದರು, ನಿಮ್ಮಂಥವರು ಶೇಕಡಾ ಹತ್ತು ಇದ್ರೆ ಸಾಕಿತ್ತು. ಬಸ್ಸಿಗೆ ಕಾಯಲಿಲ್ಲ, ಎರಡು ಮೈಲಿ ನಡೆದೇ ಹೋದೆ, ನನ್ನ ನಡಿಗೆಗೇನು ಕಡಿಮೆ, ತರಬೇತಿಯಲ್ಲಿ ನಾವೆಲ್ಲ ಒಂದು ವಾರ ಬೆಲ್ಟ್ ಕಟ್ಟಿದ್ದಾಗ ನನ್ನ ಗೆರೆಯನ್ನೇ ಗೋಡೆಗೆ ಹಾಕಿ ತೋರಿಸಿದ್ದರು, ನೋಡಿ, ಆರೋಗ್ಯವಂತ ಮನುಷ್ಯರ ದಿನ ಹೀಗಿರುತ್ತೆ ಅಂತ, ಬೆಟ್ಟದ ಸಾಲಿನಂತೆ ಏರು ಏರು, ಯಾರೂ ಕೇಳಲಿಲ್ಲ ಇಷ್ಟೆಲ್ಲ ಎಲ್ಲಿಗೆ ಹೋಗಿದ್ದಿರಿ, ಯಾರ ಜೊತೆ.

ಬೀದಿಯ ತುದಿಯಲ್ಲಿ ವರ್ಕ್‌ಶಾಪ್, ಇಸ್ತ್ರಿ ಅಂಗಡಿ, ಆಮೇಲೆ ಹಸಿರು ಬಣ್ಣದ ಗೇಟು, ಸರಳುಗಳ ನಡುವೆ ಎಲ್ಲಾ ಕಾಣುತ್ತದೆ. ಐದೂವರೆಗೆ ಎರಡು ನಿಮಿಷ. ಎದುರುಮನೆಯ ಗೋಡೆಗೆ ಒರಗಿ ಫಾರಂ ನೋಡುವವಳಂತೆ ನಿಂತೆ. ಮನೆಬಾಗಿಲು ತೆರೆಯಿತು. ಮೊದಲು ಅವಳ ಬೆನ್ನು ಕಂಡಿತು, ಹಿಂದು ಹಿಂದಕ್ಕೆ ಬರುತ್ತಿದ್ದಾಳೆ, ಎರಡು ಕೈಯನ್ನೂ ಯಾರದೋ ಕಂಕುಳ ಕೆಳಗೆ ಕೊಟ್ಟು ಎತ್ತಿ ಹೊಸ್ತಿಲು ದಾಟಿಸುತ್ತಿದ್ದಾಳೆ, ಯಾರಪ್ಪ ಈ ಮುದುಕ, ಅವಳ ತಂದೆ ಇರಬೇಕು, ಮನೆಯವರ ಪಟ್ಟಿಯಲ್ಲಿ ತಂದೆ ಇರಲಿಲ್ಲವಲ್ಲ, ಆ ಮುದುಕನನ್ನು ನಿಲ್ಲಿಸಿ ತಾನು ಪಕ್ಕಕ್ಕೆ ಬಂದಳು, ಅವನ ಎಡಗೈ ತನ್ನ ಹೆಗಲ ಮೇಲೆ ಹಾಕಿಕೊಂಡಳು, ಅವನು ಗೇಟಿನ ಕಡೆ ಮುಖ ಮಾಡಿದ. ಮೂಗು ಹೇಗಿತ್ತು ಅಂತ ನೆನಪು ಮಾಡಿಕೊಳ್ಳಬೇಕಾಗಲಿಲ್ಲ. ಬಾಯಿಯ ಎಡಮೂಲೆ ಕೆಳಗೆ ಜಾರಿದೆ, ಅಂಗಿ ಅವನದಲ್ಲವೇನೋ ಅನ್ನುವಷ್ಟು ದೊಡ್ಡದಾಗಿದೆ, ಐವತ್ತೆರಡು ವಯಸ್ಸು, ನನಗೆ ಗೊತ್ತು, ನಾನೇ ಬರೆದಿದ್ದೇನೆ. ಬಲಗಾಲು ಇಟ್ಟ. ನಿಂತ. ಎಡಗಾಲು ಬರಲಿಲ್ಲ. ಅವಳು ಕೆಳಗೆ ನೋಡಲೂ ಇಲ್ಲ, ಅವನ ಕಿವಿಯ ಹತ್ತಿರ ಏನೋ ಹೇಳುತ್ತಾ, ಬೀದಿಯಲ್ಲಿ ಹೋದ ಸೈಕಲ್ ತೋರಿಸುತ್ತಾ, ತನ್ನ ಬಲಗಾಲಿನ ಹೆಬ್ಬೆರಳಿಂದ ಅವನ ಎಡ ಚಪ್ಪಲಿಯ ಹಿಂಬದಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದಳು, ಚಪ್ಪಲಿ ಜಾರಿತು, ಕಾಲು ಅದರ ಜೊತೆ ಹೋಯಿತು. ಒಂದು ಹೆಜ್ಜೆ. ಅಷ್ಟಕ್ಕೆ ಇಬ್ಬರೂ ನಿಂತು ಉಸಿರು ತೆಗೆದುಕೊಂಡರು. ಬಾಗಿಲಿನಿಂದ ಗೇಟಿಗೆ ಹದಿನೈದು ಅಡಿ ಇದ್ದೀತು, ನಾನು ಗಡಿಯಾರ ನೋಡಿದೆ, ಅಭ್ಯಾಸ, ಒಂಬತ್ತು ನಿಮಿಷ. ಮಾತಾಡಬಹುದು, ಹಾಡಲು ಆಗದು — ಅವಳು ಮಾತಾಡುತ್ತಲೇ ಇದ್ದಳು. ಸೊಂಟ ಅಲುಗಲಿಲ್ಲ. ಸೊಂಟ ಅಲುಗದಿದ್ದರೆ ಯಂತ್ರಕ್ಕೆ ಏನು ಗೊತ್ತಾಗುತ್ತದೆ, ಹಾಸಿಗೆಯ ಪಕ್ಕ ದಿನವಿಡೀ ನಿಂತರೂ ಅದು ಕೂತಿದ್ದಾಳೆ ಅನ್ನುತ್ತದೆ, ಒಬ್ಬ ಗಂಡಸನ್ನು ಎತ್ತಿ ಸ್ನಾನದ ಮನೆಗೆ ಕೊಂಡೊಯ್ದರೂ ಕೂತಿದ್ದಾಳೆ ಅನ್ನುತ್ತದೆ, ಭಾರ ಎತ್ತುವ ವ್ಯಾಯಾಮ, ನನ್ನ ಕೈಬರಹದಲ್ಲಿ.

ಗೇಟಿನ ಹತ್ತಿರ ಬಂದಾಗ ಅವಳು ನನ್ನನ್ನು ನೋಡಿದಳು. ಬೆಚ್ಚಲಿಲ್ಲ. ಬನ್ನಿ ಅಕ್ಕ, ಅಂದಳು. ಮೇಡಂ ಹೋಗಿ ಅಕ್ಕ ಆಗಿತ್ತು. ನಿಮಗೆ ಗೊತ್ತಿತ್ತಾ, ಅಂದೆ. ಮೊದಲ ದಿನಾನೇ, ಅಂದಳು, ಅವರ ಹಳೇ ಪೆಟ್ಟಿಗೇಲಿ ನಿಮ್ಮ ಫೋಟೋ ಇದೆ, ನೀವು ಬೆಲ್ಟ್ ಕಟ್ಟೋಕೆ ಬಗ್ಗಿದಾಗ ಗುರುತು ಸಿಕ್ತು, ಹೇಳಿದ್ರೆ ಎದ್ದು ಹೋಗಿಬಿಡ್ತೀರಿ ಅಂತ ಸುಮ್ಮನಾದೆ. ಹೋದ್ರೆ ಹೋಗ್ಲಿ ಅನ್ನಬಹುದಿತ್ತಲ್ಲ, ಅಂದೆ. ಅವಳು ಅವನ ಕೈಯನ್ನು ಗೇಟಿನ ಸರಳಿಗೆ ಹಿಡಿಸಿ, ತನ್ನ ಹೆಗಲನ್ನು ಒಮ್ಮೆ ಸುತ್ತಿಸಿಕೊಂಡಳು. ಒಂದೂವರೆ ವರ್ಷ ಆಯ್ತು ಅಕ್ಕ ಇವರು ಬಿದ್ದು, ಯಾರು ಬಂದ್ರೂ ಇವರ ಬಗ್ಗೆ ಕೇಳ್ತಾರೆ, ಹೇಗಿದ್ದಾರೆ, ಊಟ ಮಾಡ್ತಾರಾ, ಮಾತು ಬಂತಾ, ನೀವೊಬ್ಬರೇ ನನ್ನ ಕೇಳಿದ್ದು, ನೀನು ದಿನಕ್ಕೆ ಎಷ್ಟು ಹೊತ್ತು ಕೂತ್ಕೋತೀಯ ಅಂತ, ಅರ್ಧ ಗಂಟೆ ಪೂರ್ತಿ ನಂದೇ ಪ್ರಶ್ನೆ, ಎದ್ದು ಹೋಗೋದು ಬೇಡ ಅನ್ನಿಸ್ತು. ಅದು ನಾನು ಕೇಳಿದ್ದಲ್ಲ, ಫಾರಂ ಕೇಳಿದ್ದು. ಅಷ್ಟರಲ್ಲಿ ಅವನು ನನ್ನನ್ನು ನೋಡಿದ, ಕಣ್ಣು ಮಾತ್ರ ಹಳೆಯದು, ಇರು, ಅಂದ. ಸ್ಪಷ್ಟವಾಗಿ. ನನ್ನ ಚೀಲ ಹೆಗಲಿನಿಂದ ಜಾರಿತು. ನನಗಾ ಹೇಳ್ತಿರೋದು, ಅಂದೆ. ಅವಳು ನಕ್ಕಳು, ಕೆಟ್ಟ ನಗುವಲ್ಲ, ಆಯಾಸದ್ದು, ಅವರಿಗೆ ಉಳಿದಿರೋದು ಅದೊಂದೇ ಮಾತು ಅಕ್ಕ, ಊಟ ಅಂದ್ರೂ ಇರು, ನಿದ್ದೆ ಅಂದ್ರೂ ಇರು, ನಾನು ಸ್ನಾನಕ್ಕೆ ಹೋದ್ರೆ ಬಾಗಿಲ ಹೊರಗಿಂದ ಇರು, ಇರು, ಇರು, ಡಾಕ್ಟರು ಹೇಳಿದ್ರು ಕೆಲವರಿಗೆ ಹೀಗೆ ಒಂದೇ ಪದ ನಿಲ್ಲುತ್ತಂತೆ. ಅವನು ತಲೆಯಾಡಿಸಿದ, ಇರು, ಅಂದ, ಅವಳಿಗೆ. ಒಳಗೆ ಬಂದು ಚಹಾ ಕುಡಿದು ಹೋಗಿ, ಅಂದಳು. ಬೇಡ ಅಂದೆ, ಕೆಲಸ ಇದೆ ಅಂದೆ. ನಲವತ್ತು ನಿಮಿಷ ಆಗುತ್ತಲ್ವಾ, ಅಂದೆ, ಏನೋ ಒಂದು ಕೇಳಬೇಕಲ್ಲ. ದಿನಾ, ಗಡಿಯಾರ ನೋಡಿದೀನಿ, ಸುಳ್ಳು ಹೇಳಿಲ್ಲ ಅಕ್ಕ, ಅಂದಳು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಶೇಕಡಾ ಸಾರ್‌ಗೆ ಫೋನ್ ಮಾಡಿದೆ. ನಡಿಗೆ ನಿಜ ಸಾರ್, ಬೆಲ್ಟೂ ಕಟ್ಟಿದ್ದಾರೆ, ಯಂತ್ರಕ್ಕೆ ಸಿಗದಷ್ಟು ನಿಧಾನ, ಗಂಡನಿಗೆ ಪಾರ್ಶ್ವವಾಯು. ಓ, ಅಂದರು. ಇನ್ನೊಂದು ವಿಷಯ ಸಾರ್, ನನಗೆ ಗೊತ್ತಿರೋ ಮನೆ ಅದು, ಮೊದಲೇ ಹೇಳಬೇಕಿತ್ತು. ಗೊತ್ತು ಅಂದ್ರೆ ಶೇಕಡಾ ಎಷ್ಟು ಗೊತ್ತು, ಅಂದರು, ಅಭ್ಯಾಸಬಲದಿಂದ. ಒಂಬತ್ತು ವರ್ಷ ಸಾರ್, ಅಂದೆ. ಸರಿ, ಅಂದರು, ಅವರದೇ ಅಲ್ಲದ ದನಿಯಲ್ಲಿ, ನಿಮ್ಮ ಫಾರಂ ರದ್ದು, ಬೇರೆಯವರನ್ನ ಕಳಿಸ್ತೀನಿ, ಹೊಸದಾಗಿ ಏಳು ದಿನ, ನೀವು ಇನ್ನು ಆ ಮನೆ ಕಡೆ ಹೋಗಬೇಡಿ. ಹೋಗಲ್ಲ ಸಾರ್. ಹಾಗಾದರೆ ಇನ್ನೊಬ್ಬಳು ಬಂದು ಅವಳ ಬಗ್ಗೆ ಪ್ರಶ್ನೆ ಕೇಳುತ್ತಾಳೆ, ಅವಳ ಸೊಂಟ ಅಳೆಯುತ್ತಾಳೆ, ಎಪ್ಪತ್ತನಾಲ್ಕು. ಹೊಟ್ಟೆಕಿಚ್ಚು ಇಳಿಯಬೇಕಿತ್ತಲ್ಲ ಈಗ, ಕರುಣೆ ಬರಬೇಕಿತ್ತಲ್ಲ, ಕರುಣೆಯೂ ಬಂದಿದೆ, ಇದೆ, ಇಲ್ಲೇ ಪಕ್ಕದಲ್ಲಿ ಕೂತಿದೆ, ಆದರೆ ಅದು ಬಂದು ಹೊಟ್ಟೆಕಿಚ್ಚನ್ನು ಕೂತ ಜಾಗದಿಂದ ಎಬ್ಬಿಸಲಿಲ್ಲ. ಬಾಗಿಲ ಹೊರಗಿನಿಂದ ಇರು ಅನ್ನುತ್ತಾನಂತೆ. ನನಗೆ ಔಷಧಿ ಅಂಗಡಿಯ ಮುಂದೆ ಒಂದೇ ಒಂದು ಸಲ ಅಂದಿದ್ದರೆ ಸಾಕಿತ್ತು. ಅವಳ ಬೆನ್ನುನೋವು ನನಗೆ ಬೇಕಾ, ಹಾಸಿಗೆ ಒಗೆಯುವುದು ಬೇಕಾ, ಬೇಡ, ಸತ್ಯವಾಗಿ ಬೇಡ, ಅದೆಲ್ಲ ಬೇಡ — ಅದೊಂದು ಮಾತ್ರ ಬೇಕು, ಆ ಹೆಬ್ಬೆರಳು, ಕೆಳಗೆ ನೋಡದೆ, ಸೈಕಲ್ ತೋರಿಸುತ್ತಾ, ಚಪ್ಪಲಿಯ ಹಿಂಬದಿಗೆ ತಾಗಿ. ಬಸ್ಸು ಬಂತು, ನನ್ನದೇ ಬಸ್ಸು, ಹತ್ತೀರಾ ಅಂತ ಕಂಡಕ್ಟರ್ ಕೇಳಿದ, ನಾನು ಏಳಲಿಲ್ಲ, ಹೋಯಿತು. ಬೆಲ್ಟ್ ಕಟ್ಟಿದ್ದರೆ ಈಗ ನನ್ನ ಗೆರೆಯೂ ಮಟ್ಟಸ. ಬಲಗಾಲು, ನಿಂತ, ಎಡಗಾಲು ಬರಲಿಲ್ಲ, ಅವಳ ಹೆಬ್ಬೆರಳು, ಚಪ್ಪಲಿಯ ಹಿಂಬದಿ, ಮೆಲ್ಲಗೆ, ಮುಂದಕ್ಕೆ — ನಿಂತ, ಎಡಗಾಲು ಬರಲಿಲ್ಲ, ಅವಳ ಹೆಬ್ಬೆರಳು, ಮೆಲ್ಲಗೆ — ಅವಳ ಹೆಬ್ಬೆರಳು